ಬೆಂಗಳೂರಿನ ಇನ್ನೊಂದು ತಂಡ

2025ರ ಏಪ್ರಿಲ್ ಎರಡನೇ ವಾರ ಇಲ್ಲಿ ಮಸ್ಕತ್ತಿನಲ್ಲಿ ನಮ್ಮ ಕನ್ನಡಿಗರ ವಾಟ್ಸಾಪ್ ಗ್ರೂಪಿನ ತುಂಬಾ ಒಂದೇ ಮಾತು. ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫೈನಲ್ಲಿಗೆ ಬಂದಿದೆ! ಏಪ್ರಿಲ್ 12ರ ರಾತ್ರಿ ಕೋಲ್ಕತಾದಲ್ಲಿ ಮೋಹನ್ ಬಾಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಎರಡು ದಿನ ಎಲ್ಲರೂ ಸಪ್ಪೆ. ನಾನೂ ಸಪ್ಪೆಯೇ, ಇಲ್ಲ ಅನ್ನಲ್ಲ.

ಆದರೆ ಅದಕ್ಕೆ ಆರು ದಿನ ಮುಂಚೆ ಇನ್ನೊಂದು ಲೀಗ್ ಮುಗಿದಿತ್ತು. ಅದೇ ಐ-ಲೀಗ್. ಅದರಲ್ಲೂ ಒಂದು ಬೆಂಗಳೂರು ತಂಡ ಇತ್ತು, ಎಸ್‌ಸಿ ಬೆಂಗಳೂರು. ಹನ್ನೆರಡು ತಂಡಗಳಲ್ಲಿ ಹನ್ನೊಂದನೆಯದಾಗಿ ಮುಗಿಸಿ ಕೆಳಗಿನ ದರ್ಜೆಗೆ ಇಳಿಯಿತು. ಅದರ ಬಗ್ಗೆ ಗ್ರೂಪಿನಲ್ಲಿ ಒಂದು ಸಾಲೂ ಬರಲಿಲ್ಲ. ಹಾಗೊಂದು ತಂಡ ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿರಲಿಲ್ಲ ಅನ್ಸುತ್ತೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಪುರಾಣ. 2022-23ರಿಂದ ಐಎಸ್‌ಎಲ್ ದೇಶದ ಮೊದಲ ದರ್ಜೆಯ ಲೀಗ್, 2024-25ರಲ್ಲಿ ಐ-ಲೀಗ್ ಎರಡನೆಯದಾಗಿತ್ತು. ಮೂರನೆಯದರ ಹೆಸರು ಆಗ ಐ-ಲೀಗ್ 2 ಅಂತಿತ್ತು. ಲೆಕ್ಕ ತಪ್ಪಿದ್ದು ನಾನಲ್ಲ ಸ್ವಾಮಿ, ಅವರೇ! ಒಮಾನಿನಲ್ಲೂ ಇದೇ ಕಥೆ. ಇಲ್ಲಿ ಎರಡನೇ ದರ್ಜೆಯ ಲೀಗಿಗೆ 'ಫಸ್ಟ್ ಡಿವಿಷನ್' ಅಂತ ಹೆಸರು. ಅರಬ್ಬಿಯಲ್ಲಿ 'ದರಜಾ ಊಲಾ', ಅಂದರೆ ಮೊದಲನೇ ದರ್ಜೆ. ನಮ್ಮ 'ದರ್ಜೆ' ಹುಟ್ಟಿದ್ದೂ ಆ ಅರಬ್ಬಿ ಪದದಿಂದಲೇ. ಎರಡನೆಯವರು ಅಂತ ಕರೆಸಿಕೊಳ್ಳೋದು ಯಾರಿಗೂ ಇಷ್ಟ ಇಲ್ಲ :-)

ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಮೇಲೆ ಬಂದ ತಂಡ. ಆಡಿದ್ದು ಕಂಠೀರವದಲ್ಲಲ್ಲ, ಗರುಡ ಮಾಲ್ ಪಕ್ಕದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಮಾಲ್‌ಗೆ ಬಂದವರು ಪಾರ್ಕಿಂಗ್ ಹುಡುಕುತ್ತಾ ಅದನ್ನ ಎಷ್ಟು ಸಲ ಸುತ್ತಿರ್ತಾರೋ, ಒಳಗೇನು ನಡೀತಿದೆ ಅಂತ ಇಣುಕಿದವರು ಕಮ್ಮಿ. ಒಂದು ಸೀಸನ್, 22 ಪಂದ್ಯ, ಕಥೆ ಮುಗೀತು.

ಸೋತವರು ಇಳೀಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಇರೋದು ಮೇಲಿನವರ ಬಗ್ಗೆ. 2023-24ರ ಐಎಸ್‌ಎಲ್‌ನಲ್ಲಿ ಹೈದರಾಬಾದ್ ಎಫ್‌ಸಿ 22 ಪಂದ್ಯದಲ್ಲಿ ಗೆದ್ದದ್ದು ಒಂದೇ ಒಂದು. ಎಂಟು ಪಾಯಿಂಟು, ಕಟ್ಟಕಡೆಯ ಸ್ಥಾನ. ಮುಂದಿನ ವರ್ಷ ಎಲ್ಲಿ ಆಡಿತು ಗೊತ್ತಾ? ಅಲ್ಲೇ, ಐಎಸ್‌ಎಲ್‌ನಲ್ಲೇ! 2014ರಲ್ಲಿ ಶುರುವಾದ ಲೀಗಿನಿಂದ 2024-25 ಮುಗಿಯುವವರೆಗೆ ಒಂದು ತಂಡವೂ ಆಟದಲ್ಲಿ ಸೋತು ಇಳಿದದ್ದಿಲ್ಲ. 2019ರಲ್ಲಿ ಏಷ್ಯನ್ ಫುಟ್‌ಬಾಲ್ ಒಕ್ಕೂಟ ಒಪ್ಪಿದ ಯೋಜನೆಯಲ್ಲಿ 2024-25ರಿಂದ ಹತ್ತೋದು ಇಳಿಯೋದು ಎರಡೂ ಜಾರಿಗೆ ಬರಬೇಕು ಅಂತಿತ್ತು. ಹತ್ತೋದೇನೋ ಆಯ್ತು, 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಹತ್ತಿದವು. ಇಳಿಯೋ ಮಾತು ಬಂದಾಗ ಮಾತ್ರ ಎಲ್ಲರ ಬಾಯಿಗೆ ಬೀಗ.

ಫ್ರಾಂಚೈಸಿ ಮಾಲೀಕರು ವರ್ಷಾ ವರ್ಷ ಕೋಟಿಗಟ್ಟಲೆ ಸುರೀತಾರೆ, ಅವರನ್ನ ಇಳಿಸಿದರೆ ದುಡ್ಡು ಹಾಕೋರು ಯಾರು ಅಂತ ಗೆಳೆಯರು ಕೇಳ್ತಾರೆ. ವಾದದಲ್ಲಿ ಹುರುಳಿದೆ. ಹಾಗಿದ್ದರೆ ಕೆಳಗಿನವರು ಹಾಕಿದ್ದು ದುಡ್ಡಲ್ವಾ? ಅವರದ್ದು ಚಿಕ್ಕ ಮೊತ್ತ, ಅದಕ್ಕೇ ಮುಳುಗಿದರೆ ಯಾರಿಗೂ ಸದ್ದು ಕೇಳಿಸಲ್ಲ, ಅಷ್ಟೇ.

ಆ ಸೀಸನ್ನಿನ ಪಟ್ಟದ ಕಥೆಯಂತೂ ಬೇಡವೇ ಬೇಡ. ಕೊನೆಯ ಪಂದ್ಯ ಮುಗಿದಾಗ ಚರ್ಚಿಲ್ ಬ್ರದರ್ಸ್ 40, ಇಂಟರ್ ಕಾಶಿ 39. ಆದರೆ ಜನವರಿಯಲ್ಲಿ ನಾಮಧಾರಿ ತಂಡ ಇಂಟರ್ ಕಾಶಿ ಎದುರು ಅನರ್ಹ ಆಟಗಾರನನ್ನು ಆಡಿಸಿತ್ತು ಅನ್ನೋ ದೂರು ಇನ್ನೂ ಬಾಕಿ. ಫೆಡರೇಶನ್ ಚರ್ಚಿಲ್ ಅನ್ನೇ ಚಾಂಪಿಯನ್ ಅಂತ ಘೋಷಿಸಿತು. ಇಂಟರ್ ಕಾಶಿಯವರು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ ಹೋದರು. ಜುಲೈ 18ಕ್ಕೆ ಅಲ್ಲಿಂದ ತೀರ್ಪು ಬಂತು: ಚಾಂಪಿಯನ್ ಇಂಟರ್ ಕಾಶಿ. ಲೀಗ್ ಮುಗಿದು ಮೂರು ತಿಂಗಳಿಗೆ, ನಮ್ಮ ಮೈದಾನದ ಫಲಿತಾಂಶ ಲೊಸಾನ್‌ನಲ್ಲಿ!

ಒಮಾನಿನ ಲೀಗ್ ಏನೂ ಸ್ವರ್ಗ ಅಲ್ಲ. ಎಷ್ಟೋ ಪಂದ್ಯಗಳಲ್ಲಿ ಗ್ಯಾಲರಿ ಭಣಭಣ. ಆದರೆ ಇಲ್ಲಿನ ಕ್ಲಬ್ಬುಗಳ ಹೆಸರು ನೋಡಿ: ಸೊಹಾರ್, ಸಹಮ್, ಬಹ್ಲಾ, ಇಬ್ರಿ, ನಿಜ್ವಾ, ಸೂರ್, ಮಿರ್ಬಾತ್. ಎಲ್ಲಾ ಊರಿನ ಹೆಸರು. ನಮ್ಮಲ್ಲಿ ಹಾಸನ, ಭದ್ರಾವತಿ, ಬೆಳಗಾವಿ, ಕೆಜಿಎಫ್ ಅಂತ ಲೀಗ್ ಆಡಿದ ಹಾಗೆ. ನನ್ನ ಪಕ್ಕದ ಸೀಟಿನ ಒಮಾನಿ ಸಹೋದ್ಯೋಗಿಯ ಊರ ಕ್ಲಬ್ ಫಸ್ಟ್ ಡಿವಿಷನ್‌ನಲ್ಲಿದೆ. ಭಾನುವಾರ ಬೆಳಿಗ್ಗೆ ಅವನ ಮುಖ ನೋಡಿದರೆ ಸಾಕು, ವಾರಾಂತ್ಯದ ಸ್ಕೋರ್ ಗೊತ್ತಾಗುತ್ತೆ. ಮೇಲಿನ ದರ್ಜೆಯ ದೊಡ್ಡ ತಂಡಕ್ಕೂ ತನ್ನ ಊರಿಗೂ ನಿಯಮ ಒಂದೇ ಅಂತ ಅವನಿಗೆ ಗೊತ್ತು. ಕೊನೆಗೆ ಉಳಿದರೆ ಅವರೂ ಇಳಿದು ಇವನ ಊರಿಗೆ ಬಂದು ಆಡಬೇಕು.

ಅಲಿ ಅಲ್-ಹಬ್ಸಿಯನ್ನೇ ತಗೊಳ್ಳಿ. ಮುದೈಬಿ ಅನ್ನೋ ಊರಿನ ಕ್ಲಬ್ಬಿನಲ್ಲಿ, ಮೂರನೇ ದರ್ಜೆಯಲ್ಲಿ ಗೋಲ್‌ಕೀಪರ್ ಆಗಿದ್ದವನು. ಮುಂದೆ ನಾರ್ವೆ, ಅಲ್ಲಿಂದ ಇಂಗ್ಲೆಂಡಿನ ಬೋಲ್ಟನ್, ಆಮೇಲೆ ವಿಗನ್. 2013ರಲ್ಲಿ ಎಫ್‌ಎ ಕಪ್ ಗೆದ್ದ ವಿಗನ್ ತಂಡದಲ್ಲಿ ಅವನಿದ್ದ. ಇಲ್ಲಿನ ಟ್ಯಾಕ್ಸಿ ಡ್ರೈವರ್‌ಗಳಿಗೂ ಈ ಕಥೆ ಬಾಯಿಪಾಠ.

ನಮ್ಮಲ್ಲಿ ಆಟಗಾರರಿಗೆ ಬರ ಅಂತ ಯಾರಾದ್ರೂ ಅಂದರೆ ನಾನು ಒಪ್ಪಲ್ಲ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 2023ರ ಮಾರ್ಚ್ 4ರಂದು ಇಲ್ಲೇ ಪಕ್ಕದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಎತ್ತಿತು. ಗೆದ್ದ ಹುಡುಗರು ಮುಂದೆ ಎಲ್ಲಿ ಆಡಬೇಕು? ಎಲ್ಲರಿಗೂ ಐಎಸ್‌ಎಲ್‌ನಲ್ಲಿ ಜಾಗ ಇರಲ್ಲ. ಎಸ್‌ಸಿ ಬೆಂಗಳೂರಿನಂಥ ತಂಡ ಎರಡನೇ ದರ್ಜೆಯಲ್ಲಿ ಉಳಿದಿದ್ದರೆ ಊರಲ್ಲೇ ಒಂದು ದಾರಿ ಇರ್ತಿತ್ತು.

ನನ್ನ ಸೋದರಮಾವನ ಮಗನಿಗೆ ಹತ್ತೊಂಬತ್ತು. ಬೆಂಗಳೂರಿನ 'ಎ' ಡಿವಿಷನ್ ತಂಡವೊಂದರಲ್ಲಿ ಲೆಫ್ಟ್ ಬ್ಯಾಕ್. ಕಳೆದ ತಿಂಗಳು ಫೋನ್ ಮಾಡಿ, "ಅಣ್ಣಾ, ಗೋವಾದಲ್ಲಿ ಟ್ರಯಲ್ಸ್ ಇದೆ, ಪರೀಕ್ಷೆನೂ ಅವತ್ತೇ ಇದೆ, ಏನ್ಮಾಡ್ಲಿ?" ಅಂತ ಕೇಳಿದ. ಮಾವ ನನ್ನನ್ನು ನಂಬಿಕೊಂಡಿದ್ದರು, ಇಂಜಿನಿಯರ್ ಅಲ್ವಾ, ಪರೀಕ್ಷೆ ಬರೀ ಅಂತಾನೆ ಅಂತ. ಟ್ರಯಲ್ಸ್‌ಗೆ ಹೋಗು, ಸಪ್ಲಿಮೆಂಟರಿ ಬರೀಬಹುದು ಅಂದೆ. ಮಾವ ಈಗ ನನ್ನ ಫೋನ್ ಎತ್ತುತ್ತಿಲ್ಲ.