ಹಿಮದ ನಾಡಿಗೆ ಸ್ವಂತ ಬೇರಿನ ಗುಲಾಬಿಯೇ ಸರಿ

ಅಡಿಕೆಯ ಕೊಳೆರೋಗ, ಕಾಫಿಯ ಕಾಂಡಕೊರಕ, ಕೂಲಿಯಾಳುಗಳ ಅಭಾವ, ಇಷ್ಟರ ನಡುವೆ ಗುಲಾಬಿಯ ಮಾತೇಕೆ ಎಂದು ಸದಸ್ಯ ಬಾಂಧವರಲ್ಲಿ ಕೆಲವರು ಕೇಳಬಹುದು. ಕಾರಣವಿದೆ. ನಮ್ಮವರ ಮಕ್ಕಳಲ್ಲಿ ಅನೇಕರು ಈಗ ಕೆನಡಾ, ಅಮೆರಿಕ ಎಂದು ನೆಲೆಸಿದ್ದಾರೆ. ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಹೋಗಿ ಆರು ತಿಂಗಳು ಅಲ್ಲಿ ಕೂರುವ ನಮ್ಮಂಥವರಿಗೆ ಬೇರೆ ಉದ್ಯೋಗವಿಲ್ಲ. ತೋಟದವನ ಕೈ ಸುಮ್ಮನಿರದು, ಹಿತ್ತಿಲಿಗೆ ಇಳಿಯುತ್ತೇವೆ. ಇಳಿದು, ಮಲೆನಾಡಿನ ಬುದ್ಧಿಯನ್ನು ಅಲ್ಲಿ ಖರ್ಚು ಮಾಡಿ ಗಿಡ ಕೊಲ್ಲುತ್ತೇವೆ. ನಾವೂ ಕೊಂದವರೇ, ಆದ್ದರಿಂದ ಈ ಮಾತು ಹೇಳುವ ಅಧಿಕಾರ ನಮಗಿದೆ ಎಂದುಕೊಂಡಿದ್ದೇವೆ.

ನಮ್ಮ ಮಗಳ ಮನೆ ಮ್ಯಾನಿಟೋಬಾ ಪ್ರಾಂತದ ವಿನಿಪೆಗ್ ನಗರದಲ್ಲಿ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿ ಅಲ್ಲಿ ದೊಡ್ಡ ಸುದ್ದಿಯಲ್ಲ. ದೇವರಿಗೆ ಏರಿಸಲು ಮನೆಯಂಗಳದ ಹೂವು ಬೇಕೆಂಬುದು ಅವಳ ಆಸೆ. 2016ರ ಮೇ ತಿಂಗಳಲ್ಲಿ ನಾವು ಹೋದಾಗ ಒಂದು ದೊಡ್ಡ ಅಂಗಡಿಯಿಂದ ಉದ್ದ ತೊಟ್ಟಿನ, ಚೂಪು ಮೊಗ್ಗಿನ ನಾಲ್ಕು ಗಿಡ ತಂದೆವು. ಬೇಸಿಗೆಯಲ್ಲಿ ಕಣ್ಣಿಗೆ ಹಬ್ಬವಾಗುವಷ್ಟು ಹೂವು ಬಿಟ್ಟವು. ಮಳೆ ಬಿಟ್ಟ ಮೇಲೆ ಕಾಫಿಗೆ ಗೊಬ್ಬರ ಕೊಡುವ ಲೆಕ್ಕದಲ್ಲಿ ಸೆಪ್ಟೆಂಬರಿನಲ್ಲಿ ನಾವು ಒಂದೊಂದು ಗಿಡಕ್ಕೂ ಯೂರಿಯಾ ಕೊಟ್ಟೆವು. ಚಿಗುರು ಧುಮುಕಿ ಬಂತು. ನಾವು ಹೆಮ್ಮೆಯಿಂದ ಊರಿಗೆ ಮರಳಿದೆವು. ಮಗಳು ಎಲೆ ರಾಶಿ ಹಾಕಿ, ಮೇಲೆ ಬಕೆಟ್ಟು ಮುಚ್ಚಿ ಚಳಿಗಾಲ ಕಾದಳು. ಮರುವರ್ಷ ಮೇ ಕೊನೆಗೆ ಫೋನು ಬಂತು. ಮೂರು ಸತ್ತಿವೆ, ನಾಲ್ಕನೆಯದರ ಬುಡದಿಂದ ಮುಳ್ಳಿನ ಚಿಗುರು ಮಾತ್ರ ಎದ್ದಿದೆ. ಆ ಬೇಸಿಗೆಯೆಲ್ಲ ಅದು ಒಂದು ಹೂವನ್ನೂ ಕೊಡಲಿಲ್ಲ. ಮುಂದಿನ ವರ್ಷ ಅವಳು ಮತ್ತೆರಡು ತಂದು ನೆಟ್ಟಳು, ಅವಕ್ಕೂ ಅದೇ ಗತಿ. "ಈ ಊರಿನಲ್ಲಿ ನನ್ನ ಕೈಯಿಂದ ಏನೂ ಬೆಳೆಯುವುದಿಲ್ಲ ಅಪ್ಪಾ" ಎಂದಳು. ಹೂವಿನ ವಿಷಯ ಮಾತ್ರ ಹೇಳುತ್ತಿಲ್ಲವೆಂದು ನಮಗೆ ತಿಳಿಯಿತು.

ತಪ್ಪು ಅವಳ ಕೈಯದಲ್ಲ. ಅಂಗಡಿಯ ಉದ್ದ ತೊಟ್ಟಿನ ಗುಲಾಬಿ ಕಸಿಯ ಗಿಡ. ನಾವು ಮರಗಸಿ ಎನ್ನುತ್ತೇವಲ್ಲ, ಆ ಸವರುವ ಕಸಿಯಲ್ಲ, ಕಾಡುಗುಲಾಬಿಯ ಬೇರಿನ ಮೇಲೆ ಒಳ್ಳೆಯ ಜಾತಿಯ ಕಣ್ಣು ಕೂರಿಸುವ ಕಸಿ. ಈ ಜಾತಿಗಳು ವರ್ಷವಿಡೀ ಹೂ ಬಿಡುವ ಗುಣವನ್ನು ಪಡೆದದ್ದು ಚೀನಾದ ಗುಲಾಬಿಗಳಿಂದ. ಅವುಗಳ ಪೂರ್ವಿಕರಲ್ಲಿ ಒಂದಾದ ರೋಸಾ ಜೈಗ್ಯಾಂಟಿಯ ನಮ್ಮ ಮಣಿಪುರದ ಬೆಟ್ಟಗಳಲ್ಲಿಯೂ ಕಾಡುಬಳ್ಳಿಯಾಗಿ ಬೆಳೆಯುತ್ತದೆ. ಬೆಚ್ಚಗಿನ ನಾಡಿನ ಆ ರಕ್ತಕ್ಕೆ ಮಲಗುವುದು ಗೊತ್ತಿಲ್ಲ. ಉತ್ತರದ ಗಿಡ ಹಗಲು ಚಿಕ್ಕದಾಗುತ್ತಿದ್ದಂತೆ ಬೆಳವಣಿಗೆ ನಿಲ್ಲಿಸಿ, ಕಡ್ಡಿ ಬಲಿಸಿ, ಜೀವಕಣದೊಳಗಿನ ನೀರನ್ನು ಹೊರಕ್ಕೆ ಬಿಟ್ಟು ಚಳಿಗೆ ಸಿದ್ಧವಾಗುತ್ತದೆ. ಹಾಗೆ ಬಲಿಯದ ಎಳೆ ಕಡ್ಡಿಯಲ್ಲಿ ಕಣದೊಳಗೇ ನೀರು ಮಂಜುಗಡ್ಡೆಯಾಗಿ ಕಣ ಹರಿಯುತ್ತದೆ. ಸೆಪ್ಟೆಂಬರಿನ ನಮ್ಮ ಯೂರಿಯಾ ಮಾಡಿದ್ದು ಇಷ್ಟೆ: ಮಲಗಲು ಹೊರಟ ಗಿಡವನ್ನು ಎಬ್ಬಿಸಿ ಕೂರಿಸಿತು. ಕಸಿಯ ಗಂಟು ನೆಲದ ಮೇಲಿದ್ದುದರಿಂದ ಅದೂ ಸತ್ತಿತು. ಉಳಿದದ್ದು ಕೆಳಗಿನ ಕಾಡುಬೇರು. ಅಂಥ ಬೇರಿನ ಜಾತಿ ಹೂ ಬಿಡುವುದು ಹಿಂದಿನ ವರ್ಷದ ಕಡ್ಡಿಯಲ್ಲಿ, ಆ ಕಡ್ಡಿ ಪ್ರತಿ ಚಳಿಗಾಲ ಸತ್ತರೆ ಹೂವೆಲ್ಲಿಂದ ಬರಬೇಕು?

ಹಾಗಾದರೆ ಆ ನಾಡಿನಲ್ಲಿ ಗುಲಾಬಿಯೇ ಇಲ್ಲವೆ? ಇದೆ. ಅದನ್ನು ಮಾಡಿದವರಲ್ಲಿ ಒಬ್ಬ ನಮ್ಮಂಥ ಸಣ್ಣ ಹಿಡುವಳಿದಾರನೇ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ. ಜಾರ್ಜ್ ಬ್ಯುನ್ಯೆ ಎಂಬಾತ 1879ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 1905ರಲ್ಲಿ ಕೆನಡಾಕ್ಕೆ ಬಂದು, ಆಲ್ಬರ್ಟಾದಲ್ಲಿ ಕಾಡು ಕಡಿದು ಜಮೀನು ಮಾಡಿದ ರೈತ. ಫ್ರೆಂಚಿನಲ್ಲಿ ಕಾದಂಬರಿ ಬರೆದ ಸಾಹಿತಿಯೂ ಹೌದು. ಈತ ಪೂರ್ವ ಏಷ್ಯಾದ ಸಮುದ್ರತೀರದ ರುಗೋಸಾ ಗುಲಾಬಿಯ ವಂಶವನ್ನು ಅಲ್ಲಿನದೇ ಕಾಡುಗುಲಾಬಿಯ ಜೊತೆ ಸೇರಿಸುತ್ತ ವರ್ಷಗಟ್ಟಲೆ ದುಡಿದ. ಗಾಜಿನ ಮನೆಯಿಲ್ಲ, ಸಂಬಳವಿಲ್ಲ, ಆಲ್ಬರ್ಟಾದ ಚಳಿಯೇ ಪರೀಕ್ಷಕ. ಕೊನೆಗೆ 1950ರಲ್ಲಿ 'ಥೆರೆಸ್ ಬ್ಯುನ್ಯೆ' ಹೊರಬಂತು. ತೆಳುಗೆಂಪಿನ ಸಡಿಲ ಎಸಳು, ಒಳ್ಳೆಯ ಪರಿಮಳ, ಮುಳ್ಳು ಕಡಿಮೆ. ಎಲೆ ಉದುರಿದ ಮೇಲೆ ಅದರ ಕಡ್ಡಿ ಕೆಂಪಗೆ ಹಿಮದ ನಡುವೆ ನಿಲ್ಲುತ್ತದೆ. ಬ್ಯುನ್ಯೆ ನೂರು ದಾಟಿ ಬದುಕಿ 1981ರಲ್ಲಿ ತೀರಿಕೊಂಡ.

ಸರ್ಕಾರದ ಕೆಲಸವೂ ಸಣ್ಣದಲ್ಲ. ವಿಯೆನ್ನಾದಲ್ಲಿ ಹುಟ್ಟಿದ ಫೆಲಿಸಿಟಾಸ್ ಸ್ವೇಡಾ ಎಂಬ ವಿಜ್ಞಾನಿ 1961ರಲ್ಲಿ ಒಟ್ಟಾವಾದ ಕೇಂದ್ರ ಪ್ರಯೋಗ ಕ್ಷೇತ್ರದಲ್ಲಿ ಗುಲಾಬಿಯ ತಳಿ ಕೆಲಸ ಹಿಡಿದರು. ಗಿಡಗಳಿಗೆ ಹೊದಿಕೆಯಿಲ್ಲ, ಔಷಧಿಯಿಲ್ಲ. ಸತ್ತದ್ದು ಸತ್ತಿತು, ಉಳಿದದ್ದರಿಂದ ಮುಂದಿನ ಸಂತಾನ. ಜೊತೆಗೆ, ಕಡ್ಡಿ ನೆಟ್ಟರೆ ಬೇರು ಬರಬೇಕು ಎಂಬ ಷರತ್ತು. 1968ರಲ್ಲಿ ಮೊದಲನೆಯದು, 'ಮಾರ್ಟಿನ್ ಫ್ರೋಬಿಷರ್', ಬಂತು. ಅಲ್ಲಿಂದ 'ಜೆನ್ಸ್ ಮಂಕ್', 'ಜಾನ್ ಕ್ಯಾಬಟ್', ಮತ್ತು 1983ರಲ್ಲಿ ಆಳೆತ್ತರ ಮೀರಿ ಹಬ್ಬುವ 'ವಿಲಿಯಂ ಬ್ಯಾಫಿನ್'. ಎಲ್ಲಕ್ಕೂ ಹಳೆಯ ನಾವಿಕರ, ಅನ್ವೇಷಕರ ಹೆಸರು. ಹೀಗಾಗಿ ಎಕ್ಸ್‌ಪ್ಲೋರರ್ ಗುಲಾಬಿ ಎಂದೇ ಪ್ರಸಿದ್ಧಿ. ಇವುಗಳಲ್ಲಿ ಕೆಲವಕ್ಕೆ ತಾಯಿಬೇರು ಕೊಟ್ಟದ್ದು ಒಂದು ಆಕಸ್ಮಿಕ. 'ಮ್ಯಾಕ್ಸ್ ಗ್ರಾಫ್' ಎಂಬ ಮಿಶ್ರತಳಿ ಬೀಜ ಕಟ್ಟದ ಬಂಜೆ. ಜರ್ಮನಿಯ ವಿಲ್ಹೆಲ್ಮ್ ಕೋರ್ಡೆಸ್ ಅದರಿಂದ ಹೇಗೋ ಬೀಜ ಪಡೆದಾಗ, ಒಂದು ಸಸಿಯ ವರ್ಣತಂತುಗಳು 14ರಿಂದ 28ಕ್ಕೆ ತಾವಾಗಿಯೇ ಇಮ್ಮಡಿಸಿ ಫಲವಂತ ಗಿಡವಾಗಿತ್ತು. ನಮ್ಮ ಕಾಫಿ ಬೆಳೆಗಾರರಿಗೆ ಇದು ಅಪರಿಚಿತ ಕಥೆಯಲ್ಲ. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಕೂಡಿ ಹುಟ್ಟಿದ ಗಿಡದ ವಂಶಕ್ಕೆ ಕೆಂಟ್ಸ್ ಸೇರಿಸಿಯೇ ಅಲ್ಲವೆ ಬಾಳೆಹೊನ್ನೂರಿನವರು ನಮಗೆ ಎಸ್. 795 ಕೊಟ್ಟದ್ದು?

ವಿನಿಪೆಗ್‌ನಿಂದ ದಕ್ಷಿಣಕ್ಕೆ, ಅದೇ ಪ್ರಾಂತದ ಮಾರ್ಡನ್ ಎಂಬಲ್ಲಿ ಇನ್ನೊಂದು ದಾರಿ ಹಿಡಿದರು. ಬಯಲಿನ ಕುಳ್ಳ ಕಾಡುಗುಲಾಬಿಯ ರಕ್ತ ಸೇರಿಸಿದ ಆ ಪಾರ್ಕ್‌ಲ್ಯಾಂಡ್ ಗುಲಾಬಿಗಳು ಹಿಮದ ಮಟ್ಟದವರೆಗೆ ಸತ್ತರೂ ಚಿಂತೆಯಿಲ್ಲ. ಬುಡದಿಂದ ಎದ್ದ ಹೊಸ ಚಿಗುರಿನಲ್ಲೇ ಅದೇ ಬೇಸಿಗೆ ಹೂ ಬಿಡುತ್ತವೆ. ಸ್ವಂತ ಬೇರಿನ ಗಿಡವಾದ್ದರಿಂದ ಬುಡದಿಂದ ಏಳುವುದೂ ಅದೇ ಜಾತಿಯೇ. 1990ರಲ್ಲಿ ಬಂದ 'ವಿನಿಪೆಗ್ ಪಾರ್ಕ್ಸ್' ಈ ಗುಂಪಿನದು.

ನಮ್ಮ ಅಭಿಪ್ರಾಯವನ್ನು ಇಲ್ಲಿ ಖಂಡಿತವಾಗಿ ಹೇಳಿಬಿಡುತ್ತೇವೆ. ಬಕೆಟ್ಟು ಮುಚ್ಚಿ, ಮಣ್ಣು ಏರಿಸಿ, ಗೋಣಿ ಸುತ್ತಿ ಪ್ರತಿ ಚಳಿಗಾಲವೂ ಮೃದು ಜಾತಿಯ ಕಸಿಗುಲಾಬಿಯ ಸೇವೆ ಮಾಡುವುದು ಹವ್ಯಾಸಿಗಳಿಗೆ ಸರಿ. ಕೆಲಸಕ್ಕೆ ಹೋಗುವ, ಕೈಮಗುವಿರುವ ಮಕ್ಕಳಿಗೆ ಆ ಸಲಹೆ ಕೊಡಬಾರದು. ಅವರಿಗೆ ಬೇಕಾದದ್ದು ಸ್ವಂತ ಬೇರಿನ ಪೊದೆ ಗುಲಾಬಿ. ಕುಂಡಕ್ಕೆ ಕಟ್ಟಿದ ಚೀಟಿಯಲ್ಲಿ ಚಳಿವಲಯದ ಅಂಕೆ ಇರುತ್ತದೆ. ವಿನಿಪೆಗ್‌ನಂಥ ಊರಿಗೆ 3 ಅಥವಾ ಅದಕ್ಕಿಂತ ಕಡಿಮೆ ಅಂಕೆ ನೋಡಬೇಕು, ಅಂಕೆ ಕಡಿಮೆಯಾದಷ್ಟೂ ಗಿಡ ಗಟ್ಟಿ. ಮೇ ಕೊನೆಯಲ್ಲಿ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವಲ್ಲಿ, ಬುಡ ನೆಲದ ಮಟ್ಟಕ್ಕಿಂತ ಎರಡಂಗುಲ ಕೆಳಗಿರುವಂತೆ ನೆಡಬೇಕು. ಕಸಿಗಿಡವೇ ಬೇಕೆಂಬ ಹಟವಿದ್ದರೆ ಗಂಟು ಮಣ್ಣಿನೊಳಗೆ 10ರಿಂದ 15 ಸೆಂಟಿಮೀಟರ್ ಹುಗಿಯಲಿ. ಆಗಸ್ಟ್ ಮಧ್ಯದ ನಂತರ ಸಾರಜನಕ ಮುಟ್ಟಬಾರದು, ಕತ್ತರಿಯನ್ನೂ ಮುಟ್ಟಬಾರದು. ಬಾಡಿದ ಹೂ ಕೀಳದೆ ಕಾಯಿ ಕಟ್ಟಲು ಬಿಟ್ಟರೆ ಗಿಡ ತಾನೇ ವಿಶ್ರಾಂತಿಗೆ ತಿರುಗುತ್ತದೆ. ನೆಲ ಹೆಪ್ಪುಗಟ್ಟುವ ಮೊದಲು ಚೆನ್ನಾಗಿ ನೀರು ಕೊಡಬೇಕು. ಆಮೇಲೆ ಬೀಳುವ ಹಿಮವನ್ನು ಬುಡದಿಂದ ತೆಗೆಯದೆ ಇನ್ನಷ್ಟು ಎಳೆದು ಹಾಕಬೇಕು, ನಾವು ಕಾಫಿಯ ಬುಡಕ್ಕೆ ದರಗು ಎಳೆದಂತೆ. ಹಿಮವೇ ಅಲ್ಲಿ ಕಂಬಳಿ. ಒಣಗಿದ ಕಡ್ಡಿ ಸವರುವುದು ವಸಂತದಲ್ಲಿ, ಕಣ್ಣು ಉಬ್ಬಿದ ಮೇಲೆ, ಯಾವುದು ಸತ್ತಿದೆ ಎಂದು ಗಿಡವೇ ತೋರಿಸಿದ ನಂತರ.

ಇವುಗಳಲ್ಲಿ ಕುಂದಿಲ್ಲವೆಂದಲ್ಲ. ಹೂದಾನಿಗೆ ಇಡುವಂಥ ಉದ್ದ ತೊಟ್ಟು ಸಿಗದು. ಎಸಳು ಸಡಿಲ, ಎರಡು ಮೂರು ದಿನಕ್ಕೆ ಉದುರುತ್ತದೆ. 'ವಿಲಿಯಂ ಬ್ಯಾಫಿನ್'ಗೆ ಪರಿಮಳ ಇಲ್ಲವೆಂದೇ ಹೇಳಬೇಕು. ಸುಣ್ಣದಂಶ ಹೆಚ್ಚಿರುವ ಬಯಲುಮಣ್ಣಿನಲ್ಲಿ ರುಗೋಸಾದ ಎಲೆ ಹಳದಿಯಾಗುವುದುಂಟು. ಮತ್ತೊಂದು ಎಚ್ಚರಿಕೆ: ಬೋರ್ಡೋ ಸಿಂಪಡಿಸಿ ಪಳಗಿದ ನಮ್ಮ ಕೈ ಎಲೆ ಕಂಡಲ್ಲೆಲ್ಲ ಔಷಧಿ ಹೊಡೆಯಲು ತವಕಿಸುತ್ತದೆ. ರುಗೋಸಾದ ಸುಕ್ಕು ಎಲೆ ಸಿಂಪರಣೆಯಿಂದಲೇ ಸುಟ್ಟುಹೋಗುತ್ತದೆ. ಕಪ್ಪುಚುಕ್ಕೆ ರೋಗ ಅದಕ್ಕೆ ಹೇಗೂ ಅಪರೂಪ, ಬಿಟ್ಟುಬಿಡುವುದೇ ಉಪಚಾರ.

ಇನ್ನೊಂದು ಮಾತು ಸಹಕಾರಿಗಳಾದ ನಾವು ಗಮನಿಸಬೇಕಾದದ್ದು. 1990ಕ್ಕೆ ಮೊದಲು ಕೆನಡಾದಲ್ಲಿ ತಳಿಗಾರರ ಹಕ್ಕಿನ ಕಾನೂನೇ ಇರಲಿಲ್ಲ. ಸ್ವೇಡಾ ಅವರ ಆ ಕಾಲದ ಗುಲಾಬಿಗಳು ಸರ್ಕಾರಿ ಹಣದಲ್ಲಿ ಹುಟ್ಟಿ, ಕಡ್ಡಿಯಿಂದ ಕಡ್ಡಿಗೆ, ಬೇಲಿಯಿಂದ ಬೇಲಿಗೆ ದಾಟಿದವು. ಅವರು 1986ರಲ್ಲಿ ನಿವೃತ್ತರಾದರು. 2010ರ ಸುಮಾರಿಗೆ ಸರ್ಕಾರ ಗುಲಾಬಿ ತಳಿಯ ಕೆಲಸವನ್ನೇ ಕೈಬಿಟ್ಟಿತು. ಒಂಟಾರಿಯೋದ ವೈನ್‌ಲ್ಯಾಂಡ್ ಸಂಶೋಧನಾ ಕೇಂದ್ರ ಅದನ್ನು ಮುಂದುವರಿಸಿ 2017ರಲ್ಲಿ 'ಕೆನೇಡಿಯನ್ ಶೀಲ್ಡ್' ಎಂಬ ಕೆಂಪು ಗುಲಾಬಿಯನ್ನು ಹೊರತಂದಿದೆ ಎಂಬುದು ಸಮಾಧಾನ. ಚಳಿಗೆ ಸಾಯದ ಗಿಡ ಮಾಡಲು ಹತ್ತು ಹದಿನೈದು ಚಳಿಗಾಲ ಕಾಯಬೇಕು, ಲಾಭ ನೋಡುವವನು ಅಷ್ಟು ಕಾಯುವುದಿಲ್ಲ. ವಿಟ್ಲದಿಂದ 1972ರಲ್ಲಿ ಮಂಗಳ ಅಡಿಕೆ ಬಂದದ್ದು, ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿಯ ಕೆಲಸ ನಡೆದದ್ದು ಇಂಥದೇ ತಾಳ್ಮೆಯಿಂದ. ಸಂಶೋಧನಾ ಕೇಂದ್ರದ ಅನುದಾನದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಾವು ಪುಟ ತಿರುವಿಹಾಕುತ್ತೇವೆ. ತಿರುವಬಾರದೆಂದು ಈಗ ಅನ್ನಿಸುತ್ತಿದೆ.

ಇಷ್ಟು ಓದಿ ಯಾರೂ ಪೆಟ್ಟಿಗೆಯಲ್ಲಿ ಕಡ್ಡಿ ತುಂಬಿಕೊಂಡು ಬರಬೇಡಿ. ಅನುಮತಿಯಿಲ್ಲದೆ ಗಿಡಗಂಟಿ ತರುವುದು ಕಾನೂನಿಗೆ ವಿರೋಧ, ರೋಗವೂ ಜೊತೆಗೆ ಬರುತ್ತದೆ. ಮೇಲಾಗಿ ಆ ಗಿಡಗಳಿಗೆ ಚಳಿಯ ನಿದ್ರೆ ಬೇಕು, ನಮ್ಮ ಆಷಾಢದ ಮಳೆಯಲ್ಲಿ ಅವು ಪರದೇಶಿಗಳು. ನಮ್ಮಲ್ಲಿ ಅಜ್ಜಿಯಂದಿರು ಜೂನಿನಲ್ಲಿ ಬಾವಿಕಟ್ಟೆಯ ಬಳಿ ಕಡ್ಡಿ ಊರಿ ಬೆಳೆಸಿದ ಪನ್ನೀರು ಗುಲಾಬಿಯೂ ಸ್ವಂತ ಬೇರಿನದೇ. ಅದು ಎಷ್ಟು ಮನೆಗಳಲ್ಲಿ ಉಳಿದಿದೆಯೋ, ಒಮ್ಮೆ ಹಿತ್ತಿಲಿಗೆ ಹೋಗಿ ನೋಡಿ.

ಮಗಳ ಮನೆಯ ಕಥೆ ಅರ್ಧಕ್ಕೆ ನಿಂತಿತು. 2019ರಲ್ಲಿ ನಾವು ಮತ್ತೆ ಹೋದಾಗ ಪಕ್ಕದ ಮನೆಯ ವೃದ್ಧೆಯೊಬ್ಬರು, ನಾವು ಸತ್ತ ಗುಲಾಬಿಯ ಬುಡ ಅಗೆಯುವುದನ್ನು ಬೇಲಿಯಾಚೆಯಿಂದ ನೋಡಿ, ಏನೂ ಹೇಳದೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಮ್ಮ ಗಿಡದ ಬುಡದಿಂದ ಬೇರುಸಹಿತ ಕಿತ್ತ ಒಂದು ಮರಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದುಕೊಟ್ಟರು. 'ಥೆರೆಸ್ ಬ್ಯುನ್ಯೆ'. ಅದೇ ಗುಂಡಿಯಲ್ಲಿ ಹಳೆಯ ಮಣ್ಣು ತೆಗೆದು ಹೊಸ ಮಣ್ಣು ತುಂಬಿ ನೆಟ್ಟೆವು. ಗೊಬ್ಬರ ಕೊಡಲು ಮಗಳು ಬಿಡಲಿಲ್ಲ. ಮೊದಲ ಎರಡು ವರ್ಷ ಅದು ಎಲೆ ಬಿಟ್ಟು ಸುಮ್ಮನಿತ್ತು. ಈಗ ಮೊಮ್ಮಗಳಿಗಿಂತ ಎತ್ತರವಾಗಿದೆ. ಜನವರಿಯಲ್ಲಿ ಕಳಿಸಿದ ಚಿತ್ರದಲ್ಲಿ ಹಿಮದ ಮೇಲೆ ಏಳೆಂಟು ಕೆಂಪು ಕಡ್ಡಿಗಳು ಕಾಣುತ್ತಿದ್ದವು, ಬಕೆಟ್ಟು ಕಾಣಲಿಲ್ಲ.