ಕಾಲ್ಚೆಂಡಿನ ವ್ಯೂಹದಲ್ಲಿ ಸ್ಥಾನವೂ ಕರ್ತವ್ಯವೂ

ಕಾಲ್ಚೆಂಡಿನ ಪಂದ್ಯದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗೋಲನ್ನು ತಡೆದವನ ಹೆಸರು ಬಹುಮಟ್ಟಿಗೆ ಮರೆತುಹೋಗುತ್ತದೆ. ಆದಕಾರಣವೇ ನಮ್ಮ ಶಾಲೆಗಳ ಬಯಲಿನಲ್ಲಿ ಪ್ರತಿಯೊಬ್ಬ ಬಾಲಕನೂ ಮುಂದಿನ ಸಾಲನ್ನೇ ಬಯಸುತ್ತಾನೆ. ಓಡಲಾರದವನನ್ನು ಗೋಲಿನ ಬಾಯಿಗೆ ನಿಲ್ಲಿಸುವುದು ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆ ಸರಿಯಲ್ಲವೆಂದೂ, ಆಟಗಾರನ ಸ್ಥಾನವನ್ನು ಮಾನ್ಯತೆಯ ಮೆಟ್ಟಿಲೆಂದು ಬಗೆಯದೆ ತಂಡವು ಅವನಿಗೊಪ್ಪಿಸಿದ ಕರ್ತವ್ಯವೆಂದು ಬಗೆಯಬೇಕೆಂದೂ ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವನ್ನು ಪರದೇಶದಲ್ಲಿ ಅರಸಬೇಕಾಗಿಲ್ಲ. 1962ರ ಭಾರತ ತಂಡವೊಂದೇ ಸಾಕು.

ಆ ತಂಡದ ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ಮೂಲತಃ ಶಾಲಾ ಉಪಾಧ್ಯಾಯರೆಂಬುದು ನಮ್ಮಂಥವರಿಗೆ ಹೆಮ್ಮೆಯ ಸಂಗತಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯದೆದುರು 1-10ರಿಂದ ಸೋತ ಭಾರತ, 1956ರಲ್ಲಿ ಮೆಲ್ಬರ್ನ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ ನಾಲ್ಕನೆಯ ಸ್ಥಾನಕ್ಕೇರಿತು. ಬೆಂಗಳೂರಿನ ಕೆಂಪಯ್ಯನವರು ಆ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದರು.

ಇನ್ನು ವ್ಯೂಹದ ಮಾತು. ಹಿಂದೆ ಇಬ್ಬರು ಬ್ಯಾಕ್, ಮೂವರು ಹಾಫ್, ಐವರು ಫಾರ್ವರ್ಡ್ ಎಂಬುದು ರೂಢಿಯಾಗಿತ್ತು. 1925ರಲ್ಲಿ ಆಫ್‌ಸೈಡ್ ನಿಯಮ ಸಡಿಲಗೊಂಡ ಮೇಲೆ ನಡುವಿನ ಹಾಫ್‌ಬ್ಯಾಕ್ ಹಿಂದಕ್ಕೆ ಸರಿದು ಮೂರನೆಯ ಬ್ಯಾಕ್ ಆದ. 1958ರಲ್ಲಿ ವಿಶ್ವಕಪ್ ಗೆದ್ದ ಬ್ರೆಜಿಲ್ ತಂಡದಿಂದ 4-2-4 ವ್ಯೂಹ ಜಗತ್ಪ್ರಸಿದ್ಧವಾಯಿತು. ರಹೀಂ ಅವರೂ ಅದನ್ನು ನಮ್ಮ ತಂಡಕ್ಕೆ ಅಳವಡಿಸಿದರು. ಕಾಗದದ ಮೇಲೆ ಇದು ಸುಲಭ. ಆದರೆ ಮಧ್ಯದಲ್ಲಿ ಇಬ್ಬರೇ ಇದ್ದು ಬಯಲಿನ ಅಗಲವನ್ನೆಲ್ಲ ಕಾಯುವುದು ಹೇಗೆ? ಚೆಂಡು ಎದುರಾಳಿಯ ವಶವಾದೊಡನೆ ಮುಂದಿನ ನಾಲ್ವರಲ್ಲೊಬ್ಬನು ಹಿಂದಕ್ಕೋಡಿ ಬರಬೇಕು. ಚೆಂಡು ನಮ್ಮದಾದಾಗ ಪಾರ್ಶ್ವದ ಬ್ಯಾಕ್ ಮುಂದೆ ಸಾಗಿ ನೆರವಾಗಬೇಕು. ಎಂದರೆ, ತನ್ನ ಸ್ಥಾನದ ಕೆಲಸವಷ್ಟನ್ನೇ ಅರಿತವನು ಈ ವ್ಯೂಹಕ್ಕೆ ಭಾರವಾಗುತ್ತಾನೆ.

1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈ ತತ್ತ್ವ ಪರೀಕ್ಷೆಗೊಳಗಾಯಿತು. ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋತಿತು. ಥಾಯ್‌ಲೆಂಡನ್ನು 4-1ರಿಂದ ಗೆದ್ದರೂ, ಹಿಂಪಡೆಯ ಆಧಾರಸ್ತಂಭವಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಗಾಯಗೊಂಡ ಬ್ಯಾಕ್ ಆಟಗಾರನನ್ನು ಹೊರಗಿಡುವುದು ಸಹಜವಾದ ದಾರಿ. ರಹೀಂ ಹಾಗೆ ಮಾಡಲಿಲ್ಲ. ಅವರನ್ನು ಸೆಂಟರ್ ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ದಕ್ಷಿಣ ವಿಯೆಟ್ನಾಮ್ ವಿರುದ್ಧದ ಸೆಮಿಫೈನಲ್‌ನಲ್ಲಿ ಜರ್ನೈಲ್ ಗೋಲು ಹೊಡೆದರು; ಭಾರತ 3-2ರಿಂದ ಗೆದ್ದಿತು. ಸೆಪ್ಟೆಂಬರ್ 4ರ ಫೈನಲ್‌ನಲ್ಲಿ, ಮೊದಲು ಸೋಲಿಸಿದ್ದ ಅದೇ ಕೊರಿಯವನ್ನು 2-1ರಿಂದ ಮಣಿಸಿತು. ಗೋಲುಗಳು ಪಿ. ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಅವರವು. ಜರ್ನೈಲ್ ಮುಂದೆ ಸರಿದಾಗ ಹಿಂದಿನ ಭಾರವನ್ನು ಹೊತ್ತ ಅರುಣ್ ಘೋಷ್ ಅವರನ್ನು, ಗೋಲು ಕಾಯ್ದ ತಂಗರಾಜ್ ಅವರನ್ನು ನಾವೆಷ್ಟು ಮಂದಿ ನೆನೆಯುತ್ತೇವೆ?

ಒಂದೇ ಸ್ಥಾನದಲ್ಲಿ ದೀರ್ಘಕಾಲ ಆಡಿದವನಿಗೆ ಮಾತ್ರ ನೈಪುಣ್ಯ ಸಿದ್ಧಿಸುವುದೆಂದು ಕೆಲವರು ವಾದಿಸಬಹುದು. ಪ್ರೌಢ ಆಟಗಾರನ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಆದರೆ ಹನ್ನೆರಡು ವರ್ಷದ ಹುಡುಗನ ದೇಹವೂ ಒಲವೂ ಇನ್ನೂ ರೂಪುಗೊಳ್ಳುತ್ತಿರುವಾಗ ಅವನಿಗೆ ಹಣೆಪಟ್ಟಿ ಕಟ್ಟುವುದು ಅನ್ಯಾಯ. ಮೇಲಾಗಿ, ಹಿಂದಿನ ಸಾಲಿನ ಕಷ್ಟವನ್ನು ಒಮ್ಮೆ ಉಂಡ ಫಾರ್ವರ್ಡ್ ಆಟಗಾರನು ಚೆಂಡು ಕಳೆದುಕೊಂಡಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲಲಾರ.

ರಹೀಂ ಅವರು 1963ರಲ್ಲಿ ಕಾಲವಶರಾದರು. 1970ರಲ್ಲಿ ಬ್ಯಾಂಕಾಕಿನಲ್ಲಿ ಕಂಚು ದೊರೆತದ್ದನ್ನು ಬಿಟ್ಟರೆ, 2023ರ ಕೂಟದವರೆಗೂ ಭಾರತದ ಪುರುಷರ ತಂಡಕ್ಕೆ ಏಷ್ಯನ್ ಕ್ರೀಡಾಕೂಟದಲ್ಲಿ ಪದಕ ಲಭಿಸಿಲ್ಲ. ಇದಕ್ಕೆ ಕಾರಣಗಳು ಹಲವು. ಅವನ್ನೆಲ್ಲ ನಿವಾರಿಸುವುದು ಶಾಲೆಗಳ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದಿಷ್ಟು: ಬಾಲಕರನ್ನು ಪಕ್ಷಕ್ಕೊಮ್ಮೆ ಸ್ಥಾನ ಬದಲಿಸಿ ಆಡಿಸೋಣ, ಗೋಲು ಕಾಯಲು ಚುರುಕುಗಣ್ಣಿನವನನ್ನೇ ಆರಿಸೋಣ, ವಾರ್ಷಿಕೋತ್ಸವದ ಬಹುಮಾನಗಳಲ್ಲಿ ಒಂದನ್ನಾದರೂ ಗೋಲು ತಡೆದವನಿಗೆ ಮೀಸಲಿಡೋಣ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಉಪಾಧ್ಯಾಯರ ಮನಸ್ಸು ಬೇಕು.