ತೊಡೆಯ ಮೇಲೆ ಕೂರದ ಲ್ಯಾಪ್‌ಟಾಪ್

2024ರ ಮಳೆಗಾಲದ ಒಂದು ಶನಿವಾರ ಅರಸೀಕೆರೆ ತಾಲ್ಲೂಕಿನ ಒಂದು ತೋಟದ ಮನೆಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂತು. ಮನೆಯ ಹಿರಿಯ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾಳೆ. ಎರಡನೆಯ ವರ್ಷದಿಂದ ಯಂತ್ರಭಾಗಗಳ ಚಿತ್ರವನ್ನು ಕಂಪ್ಯೂಟರಿನಲ್ಲೇ ಬರೆಯಬೇಕು, ಲ್ಯಾಬಿನಲ್ಲಿ ಸಿಗುವ ಸಮಯ ಸಾಲದು, ಸ್ವಂತದ್ದೊಂದು ಬೇಕು ಎಂದು ಅವಳು ಹೇಳಿದಾಗ ತಂದೆ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಿ ಬಂದ ಹಣದಲ್ಲಿ 98 ಸಾವಿರ ತೆಗೆದಿಟ್ಟರು. ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸಿದವರು ಮಾತ್ರ ಹಾಸ್ಟೆಲಿನ ಸೀನಿಯರ್‌ಗಳು. "ತಗೊಂಡ್ರೆ ಗೇಮಿಂಗ್ ಲ್ಯಾಪ್‌ಟಾಪೇ ತಗೋ, ಕೋರ್ಸ್ ಮುಗಿಯೋವರೆಗೂ ತಿರುಗಿ ನೋಡೋ ಹಾಗಿಲ್ಲ" ಎಂದಿದ್ದರು.

ಪೆಟ್ಟಿಗೆ ಬಿಚ್ಚಿದಾಗ ಮೊದಲು ಕೈಗೆ ಬಂದದ್ದು ಲ್ಯಾಪ್‌ಟಾಪ್ ಅಲ್ಲ, ಅದರ ಚಾರ್ಜರ್. ಇಟ್ಟಿಗೆಯಷ್ಟು ದಪ್ಪ, ಮುಕ್ಕಾಲು ಕಿಲೋಗೂ ಮೀರಿದ ಭಾರ. ಲ್ಯಾಪ್‌ಟಾಪ್ ಎರಡೂವರೆ ಕಿಲೋ. ಎರಡನ್ನೂ ಬ್ಯಾಗಿಗೆ ಹಾಕಿ ಹೆಗಲಿಗೇರಿಸಿದ ತಮ್ಮ, "ಅಕ್ಕಾ, ಇದನ್ನ ದಿನಾ ಹೊತ್ಕೊಂಡು ಹೋಗ್ತೀಯಾ?" ಎಂದು ಕೇಳಿದ. ಅವಳು ಉತ್ತರ ಕೊಡಲಿಲ್ಲ. ಪರದೆ ಬೆಳಗಿತು, ಬಣ್ಣಗಳು ಕಣ್ಣಿಗೆ ಹಬ್ಬವಾದವು, ಕಾಲೇಜಿನ ಕಂಪ್ಯೂಟರಿನಲ್ಲಿ ನಿಮಿಷಗಟ್ಟಲೆ ಕಾಯಿಸುತ್ತಿದ್ದ ಫೈಲು ಕ್ಷಣದಲ್ಲಿ ತೆರೆದುಕೊಂಡಿತು. ಎಲ್ಲರಿಗೂ ಸಂತೋಷವೇ.

ಸಂಜೆ ತಮ್ಮ ಒಂದು ಆಟ ಹಾಕಿ ಕೂತ. ಹತ್ತು ನಿಮಿಷವಾಗಿರಬಹುದು, ಯಂತ್ರ 'ಹೋ' ಎಂದು ಸದ್ದು ಮಾಡತೊಡಗಿತು. ಒಳಮನೆಯಿಂದ ಅಜ್ಜಿ, "ಏನ್ಲಾ ಅದು, ಹಿಟ್ಟಿನ ಗಿರಣಿ ಇದ್ದಂಗೈತೆ" ಎಂದರು. ತಂದೆ ಕೀಲಿಮಣೆಯ ಮೇಲ್ಭಾಗಕ್ಕೆ ಬೆರಳಿಟ್ಟು ತಟ್ಟನೆ ತೆಗೆದರು. ಹಿಂಬದಿಯ ಕಿಂಡಿಯಿಂದ ಬಿಸಿಗಾಳಿ ನುಗ್ಗುತ್ತಿತ್ತು. ಮರುದಿನ ಇನ್ನೊಂದು ಆಘಾತ: ಚಾರ್ಜರ್ ತೆಗೆದು ಬರೀ ಇಂಟರ್‌ನೆಟ್ ನೋಡುತ್ತಿದ್ದರೂ ಬ್ಯಾಟರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಖಾಲಿ. "ಕೆಟ್ಟಿರೋದನ್ನ ಕಳಿಸಿದಾರೆ ಕಣಮ್ಮ. ವಾಪಸ್ ಕೊಡೋಕೆ ಏಳು ದಿನ ಇದೆ ಅಂತೀಯಲ್ಲ, ಕೊಟ್ಟುಬಿಡೋಣ" ಎಂದರು ತಂದೆ. ಒಂದು ಲಕ್ಷದ ಹತ್ತಿರದ ವಸ್ತು. ಅವರ ಗಾಬರಿ ಸಹಜ. ಮಗಳಿಗೂ ಒಳಗೊಳಗೇ ಅಳುಕು.

ಯಂತ್ರ ಕೆಟ್ಟಿತ್ತೇ? ಉತ್ತರ ಚಾರ್ಜರಿನ ಬೆನ್ನ ಮೇಲೆಯೇ ಅಚ್ಚಾಗಿತ್ತು. ಪಿಯುಸಿ ಓದುವ ತಮ್ಮ ಅದನ್ನು ಗಟ್ಟಿಯಾಗಿ ಓದಿದ: 20 ವೋಲ್ಟ್, 11.5 ಆಂಪಿಯರ್. ಗುಣಿಸಿದರೆ 230 ವ್ಯಾಟ್. ಹಳೆಯ ಕಾಲದ ನೂರು ವ್ಯಾಟಿನ ಬಲ್ಬುಗಳನ್ನು ನೆನಪಿಸಿಕೊಳ್ಳಿ. ಅಂಥ ಎರಡು ಬಲ್ಬುಗಳಿಗಿಂತ ಹೆಚ್ಚು. ಕಂಪ್ಯೂಟರ್ ನೀರೆತ್ತುವುದಿಲ್ಲ, ಭಾರ ಎಳೆಯುವುದಿಲ್ಲ. ಅದು ಲೆಕ್ಕ ಮಾಡುತ್ತದೆ. ಲೆಕ್ಕ ಮಾಡಲು ಬಳಸಿದ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಬರುತ್ತದೆ. ಬೆರಳು ದಪ್ಪದ ಪೆಟ್ಟಿಗೆಯೊಳಗೆ ಎರಡು ಬಲ್ಬು ಉರಿಸಿ ಮುಚ್ಚಿಟ್ಟರೆ ಏನಾದೀತೋ ಅದೇ ಇಲ್ಲಿಯೂ ಆಗಬೇಕು.

ಇನ್ನೂ ಸ್ವಲ್ಪ ಒಳಹೊಕ್ಕು ನೋಡಿದರೆ ಆಶ್ಚರ್ಯ ಹೆಚ್ಚುತ್ತದೆ. ಆ ಲ್ಯಾಪ್‌ಟಾಪಿನಲ್ಲಿದ್ದ ಚಿತ್ರಸಂಸ್ಕಾರಕ, ಅಂದರೆ ಗ್ರಾಫಿಕ್ಸ್ ಚಿಪ್, ಎನ್‌ವಿಡಿಯಾ ಕಂಪನಿ 2023ರಲ್ಲಿ ಹೊರತಂದ ಆರ್‌ಟಿಎಕ್ಸ್ 4060. ಇದು ಹೆಚ್ಚೆಂದರೆ 115 ವ್ಯಾಟ್ ಬಳಸುತ್ತದೆ. ಚಿಪ್ಪಿನ ವಿಸ್ತೀರ್ಣ ಮಾತ್ರ ಒಂದೂವರೆ ಚದರ ಸೆಂಟಿಮೀಟರಿಗಿಂತ ತುಸು ಹೆಚ್ಚು, ಹೆಬ್ಬೆರಳಿನ ಉಗುರಿನಷ್ಟು. ಆ 115ರಲ್ಲಿ ಸುತ್ತಲಿನ ಮೆಮೊರಿ ಮೊದಲಾದವುಗಳ ಪಾಲೂ ಇದೆ ಎಂದು ಮೂರನೆಯ ಒಂದು ಭಾಗ ಕಳೆದರೂ ಚದರ ಸೆಂಟಿಮೀಟರಿಗೆ ಸುಮಾರು 48 ವ್ಯಾಟ್ ಆಯಿತು. ಮನೆಯ ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆಯ ತಳ 150 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅಲ್ಲಿ ಚದರ ಸೆಂಟಿಮೀಟರಿಗೆ ಏಳು ವ್ಯಾಟೂ ಇಲ್ಲ. ಅಂದರೆ ಆ ಉಗುರಗಲದ ಚಿಪ್ಪಿನಲ್ಲಿ ಹುಟ್ಟುವ ಶಾಖದ ಸಾಂದ್ರತೆ ಇಸ್ತ್ರಿ ಪೆಟ್ಟಿಗೆಯದರ ಏಳು ಪಟ್ಟು!

ಹಾಗಿದ್ದರೂ ಇಸ್ತ್ರಿ ಪೆಟ್ಟಿಗೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ, ಚಿಪ್ಪು ನೂರು ಡಿಗ್ರಿಯ ಒಳಗೇ ಉಳಿಯುತ್ತದೆ. ಇದೇಕೆ? ಶಾಖ ಬೇರೆ, ತಾಪ ಬೇರೆ ಎಂದು ಹೈಸ್ಕೂಲಿನಲ್ಲಿ ಹೇಳಿಕೊಡುವ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಹುಟ್ಟಿದ ಶಾಖವನ್ನು ಎಷ್ಟು ಬೇಗ ಸಾಗಿಸುತ್ತೇವೆ ಎಂಬುದರ ಮೇಲೆ ತಾಪ ನಿಂತಿದೆ. ಲ್ಯಾಪ್‌ಟಾಪಿನೊಳಗೆ ಚಿಪ್ಪಿಗೆ ಅಂಟಿಕೊಂಡಂತೆ ಚಪ್ಪಟೆಯಾದ ತಾಮ್ರದ ಕೊಳವೆಗಳಿರುತ್ತವೆ. ಅವು ಗಟ್ಟಿ ತಾಮ್ರವಲ್ಲ, ಟೊಳ್ಳು. ಗಾಳಿಯನ್ನು ಹೊರತೆಗೆದು ಒಳಗೆ ಕೆಲವೇ ಹನಿ ನೀರು ಹಾಕಿ ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಆ ನೀರು ನೂರು ಡಿಗ್ರಿಗೆ ಕಾಯದೆ ಬಹಳ ಮೊದಲೇ ಆವಿಯಾಗುತ್ತದೆ, ಆವಿಯಾಗುವಾಗ ಚಿಪ್ಪಿನ ಶಾಖವನ್ನು ಗುಪ್ತೋಷ್ಣವಾಗಿ ಹೀರಿಕೊಳ್ಳುತ್ತದೆ. ಆವಿ ಕೊಳವೆಯ ಇನ್ನೊಂದು ತುದಿಗೆ ಓಡಿ, ಅಲ್ಲಿನ ತೆಳು ಲೋಹದ ಹಾಳೆಗಳಿಗೆ ಶಾಖ ಕೊಟ್ಟು ಮತ್ತೆ ನೀರಾಗುತ್ತದೆ. ಆ ನೀರು ದೀಪದ ಬತ್ತಿ ಎಣ್ಣೆ ಹೀರುವಂತೆ ಕೊಳವೆಯ ಒಳಮೈಯ ಬತ್ತಿಯಂಥ ಪದರದಲ್ಲಿ ಹಿಂದಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುವುದಕ್ಕೂ ಈ ಒಂದು ಲಕ್ಷದ ಯಂತ್ರ ಕರಗದೆ ಉಳಿಯುವುದಕ್ಕೂ ಕಾರಣ ಒಂದೇ. ಕೊನೆಗೆ ಆ ಲೋಹದ ಹಾಳೆಗಳ ಶಾಖವನ್ನು ಫ್ಯಾನ್ ಹೊರಗೆ ತಳ್ಳುತ್ತದೆ. ಅಜ್ಜಿ ಕೇಳಿಸಿಕೊಂಡ ಗಿರಣಿಯ ಸದ್ದು ಅದೇ. ಸದ್ದು ಬಾರದಿದ್ದರೆ ಹೆದರಬೇಕಿತ್ತು.

ಫ್ಯಾನಿಗೂ ಸಾಧ್ಯವಾಗದಷ್ಟು ಬಿಸಿಯಾದರೆ? ಚಿಪ್ಪು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನ ಜಾಹೀರಾತು ಹೇಳದ ಮುಖ್ಯ ಸಂಗತಿ ಇದು. ಅದೇ ಲ್ಯಾಪ್‌ಟಾಪಿನ ಪ್ರೊಸೆಸರ್ ಇಂಟೆಲ್‌ನ ಐ7-13650ಎಚ್‌ಎಕ್ಸ್. ಪೆಟ್ಟಿಗೆಯ ಮೇಲೆ 4.9 ಗಿಗಾಹರ್ಟ್ಸ್ ಎಂದು ದಪ್ಪಕ್ಷರದಲ್ಲಿದೆ. ಅದರ ಮೂಲ ಸಾಮರ್ಥ್ಯ 55 ವ್ಯಾಟ್, ನಾಗಾಲೋಟದಲ್ಲಿ ಓಡುವಾಗ 157 ವ್ಯಾಟ್. ಆ ನಾಗಾಲೋಟ ಅಲ್ಪಕಾಲದ್ದು. ನೂರು ಮೀಟರ್ ಓಟಗಾರನ ವೇಗವನ್ನು ಮ್ಯಾರಥಾನ್ ಓಟಕ್ಕೆ ಹೊಂದಿಸಿ ನೋಡುವಂತಿಲ್ಲ.

ಗ್ರಾಫಿಕ್ಸ್ ಚಿಪ್ಪಿನ ವಿಷಯದಲ್ಲಿ ಪಾಲಕರು ಮೋಸಹೋಗುವ ಸಂಭವ ಇನ್ನೂ ಹೆಚ್ಚು. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಚಿಪ್ಪನ್ನು ಲ್ಯಾಪ್‌ಟಾಪ್ ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ತೆಳ್ಳಗಿನ, ಅಂದದ ಲ್ಯಾಪ್‌ಟಾಪಿನಲ್ಲಿ ಶಾಖ ಸಾಗಿಸಲು ಜಾಗವಿಲ್ಲ, ಹಾಗಾಗಿ ಕಡಿಮೆ ವ್ಯಾಟ್. ಅಂಗಡಿಯಲ್ಲಿ ಎರಡರ ಮೇಲೂ ಅಂಟಿಸಿರುವ ಚೀಟಿ ಒಂದೇ, ಕೆಲಸ ಒಂದೇ ಅಲ್ಲ. ತಯಾರಕರ ವಿವರಪಟ್ಟಿಯಲ್ಲಿ ಟಿಜಿಪಿ ಎಂಬ ಮೂರಕ್ಷರದ ಮುಂದೆ ಎಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಅದನ್ನು ಕೇಳಿದರೆ ಅಂಗಡಿಯವರಲ್ಲಿ ಅನೇಕರು ತಡವರಿಸುತ್ತಾರೆ. ಕೇಳುವುದನ್ನು ಬಿಡಬಾರದು.

ಇನ್ನು ಬ್ಯಾಟರಿ. ಅದರ ಮೇಲೆ 75 ವ್ಯಾಟ್-ಅವರ್ ಎಂದಿತ್ತು. ವಿಮಾನದಲ್ಲಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಲೀಥಿಯಂ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆದ್ದರಿಂದ ಎಷ್ಟೇ ದುಬಾರಿ ಲ್ಯಾಪ್‌ಟಾಪ್ ಆದರೂ ಸಾಮಾನ್ಯವಾಗಿ ಆ ಗೆರೆ ದಾಟುವುದಿಲ್ಲ. 75ನ್ನು ಎರಡು ಗಂಟೆ ನಲವತ್ತು ನಿಮಿಷದಿಂದ ಭಾಗಿಸಿದರೆ ಗಂಟೆಗೆ ಸುಮಾರು 28 ವ್ಯಾಟ್-ಅವರ್ ಖರ್ಚಾಗಿದೆ ಎಂದಾಯಿತು. ಬರೀ ಇಂಟರ್‌ನೆಟ್ ನೋಡಲು ಇದು ದುಂದು. ಎಲ್ಲಿ ಹೋಯಿತು ಎಂದು ಅಕ್ಕ ತಮ್ಮ ಹುಡುಕಿದರು. ಇಂಥ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ವ್ಯವಸ್ಥೆಗಳಿರುತ್ತವೆ: ಪ್ರೊಸೆಸರಿನೊಳಗೇ ಇರುವ ಪುಟ್ಟದೊಂದು, ಪ್ರತ್ಯೇಕವಾದ ದೊಡ್ಡದೊಂದು. ಕಂಪನಿಯಿಂದ ಬಂದಾಗಲೇ ದೊಡ್ಡದು ಸದಾ ಎಚ್ಚರವಿರುವಂತೆ ಹೊಂದಿಸಲಾಗಿತ್ತು. ಲಾರಿಯ ಎಂಜಿನ್ ಆನ್ ಮಾಡಿಟ್ಟು ಅದರ ದೀಪದಲ್ಲಿ ಪುಸ್ತಕ ಓದಿದಂತೆ! ಅದನ್ನು ಹೈಬ್ರಿಡ್ ಎಂಬ ಕ್ರಮಕ್ಕೆ ಬದಲಾಯಿಸಿ, ಸೆಕೆಂಡಿಗೆ 165 ಸಲ ಹೊಸದಾಗುತ್ತಿದ್ದ ಪರದೆಯನ್ನು 60ಕ್ಕೆ ಇಳಿಸಿ, ಬೆಳಕು ತಗ್ಗಿಸಿದಾಗ ಅದೇ ಬ್ಯಾಟರಿ ಐದು ಗಂಟೆ ದಾಟಿತು. ಆದರೆ ಚಾರ್ಜರ್ ಇಲ್ಲದೆ ಭಾರದ ಕೆಲಸಕ್ಕೆ ಹಚ್ಚಿದರೆ ಒಂದು ಗಂಟೆಯೂ ಬಾರದು, ವೇಗವೂ ಪೂರ್ತಿ ಸಿಗದು; ಬ್ಯಾಟರಿ 230 ವ್ಯಾಟ್ ಕೊಡಲಾರದು.

ಮಗಳು ಇನ್ನೊಂದನ್ನೂ ಕಂಡುಕೊಂಡಳು. 'ಸೈಲೆಂಟ್' ಎಂಬ ಕ್ರಮಕ್ಕೆ ಹಾಕಿದರೆ ಫ್ಯಾನ್ ಬಹುತೇಕ ಸುಮ್ಮನಾಗುತ್ತದೆ, ಕೆಲಸ ಮಾತ್ರ ಅಷ್ಟೇನೂ ನಿಧಾನವಾಗುವುದಿಲ್ಲ. ಇದು ಮಾಯವೇನಲ್ಲ. ಚಿಪ್ಪು ಬಳಸುವ ವಿದ್ಯುತ್ತು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗ ತಗ್ಗಿದರೆ ವೋಲ್ಟೇಜನ್ನೂ ತಗ್ಗಿಸಬಹುದು. ವೇಗವನ್ನು ಶೇಕಡ 20, ವೋಲ್ಟೇಜನ್ನು ಶೇಕಡ 10 ಇಳಿಸಿದರೆ 0.8 ಗುಣಿಸು 0.81, ಅಂದರೆ ಸುಮಾರು 0.65. ಐದನೆಯ ಒಂದು ಪಾಲು ವೇಗ ಬಿಟ್ಟುಕೊಟ್ಟು ಮೂರನೆಯ ಒಂದು ಪಾಲಿಗಿಂತ ಹೆಚ್ಚು ವಿದ್ಯುತ್ ಉಳಿಸಿದಂತಾಯಿತು. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮೂವರಿಗೆ ಇದು ಸಣ್ಣ ಉಪಕಾರವಲ್ಲ.

ಈ ದೆಸೆಯಲ್ಲಿ ದೊಡ್ಡ ಹೆಜ್ಜೆ ಇಟ್ಟದ್ದು ಆಪಲ್ ಕಂಪನಿ 2020ರ ನವೆಂಬರಿನಲ್ಲಿ ತಂದ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. 1600 ಕೋಟಿ ಟ್ರಾನ್ಸಿಸ್ಟರುಗಳ ಆ ಯಂತ್ರಕ್ಕೆ ಫ್ಯಾನೇ ಇರಲಿಲ್ಲ. ತೂಕ 1.29 ಕಿಲೋ, ಚಾರ್ಜರ್ ಕೇವಲ 30 ವ್ಯಾಟಿನದು. ದಿನಬಳಕೆಯಲ್ಲಿ ಅದರ ಚುರುಕು ಕಂಡು ಬೆರಗಾಗದವರು ಕಡಿಮೆ. ದೀರ್ಘಕಾಲ ದುಡಿಸಿದರೆ ಅದೂ ಬಿಸಿಯಾಗಿ ನಿಧಾನಿಸುತ್ತಿತ್ತು, ಸದ್ದಿಲ್ಲದೆ ಅಷ್ಟೆ. ಹಾಗಾದರೆ ಅದನ್ನೇ ಕೊಳ್ಳಬಹುದಿತ್ತಲ್ಲ ಎಂದರೆ, ಮೆಕ್ಯಾನಿಕಲ್‌ನವರು ಬಳಸುವ ಸಾಲಿಡ್‌ವರ್ಕ್ಸ್ ವಿಂಡೋಸ್‌ಗೆಂದೇ ಬರೆದ ತಂತ್ರಾಂಶ.

ಆದರೆ ಈ ಕೆಲಸಕ್ಕೆ ಗೇಮಿಂಗ್ ಲ್ಯಾಪ್‌ಟಾಪೇ ಬೇಕಿತ್ತೇ? ಸೀನಿಯರ್‌ಗಳ ಮಾತು ಅರ್ಧ ಮಾತ್ರ ಸರಿ. ಎರಡನೆಯ ವರ್ಷದಲ್ಲಿ ಬರೆಯುವ ನಟ್ಟು, ಬೋಲ್ಟು, ಗೇರುಗಳ ಮಾದರಿಗೆ 115 ವ್ಯಾಟಿನ ಗ್ರಾಫಿಕ್ಸ್ ಬೇಡ. 16 ಜಿಬಿ ಮೆಮೊರಿಯ ಸಾಧಾರಣ ಲ್ಯಾಪ್‌ಟಾಪು ಸಾಕು, ಅದು ಬಹಳ ಅಗ್ಗವಾಗಿಯೇ ಸಿಗುತ್ತದೆ. ದೊಡ್ಡ ಜೋಡಣೆಗಳ ನೈಜ ಚಿತ್ರ ತೆಗೆಯುವಾಗ, ಕೆಲವು ಬಗೆಯ ಸಿಮ್ಯುಲೇಶನ್ ನಡೆಸುವಾಗ ಈ ಶಕ್ತಿ ಉಪಯೋಗಕ್ಕೆ ಬರುತ್ತದೆ, ನಿಜ. ಆ ಕೆಲಸ ಬರುವುದು ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ, ಅದೂ ಎಲ್ಲರಿಗಲ್ಲ. ಈ ಮಾತನ್ನು ಪೆಟ್ಟಿಗೆ ಬಿಚ್ಚುವ ಮೊದಲೇ ಯಾರಾದರೂ ಹೇಳಬೇಕಿತ್ತು.

ಮನೆಯಲ್ಲಿ ಇನ್ನೆರಡು ಸಣ್ಣ ಸಮಸ್ಯೆಗಳಿದ್ದವು. ತಮ್ಮ ಚಾಪೆಯ ಮೇಲೆ ಕೂತು ಮುಟ್ಟಿದಾಗ ಲೋಹದ ಮುಚ್ಚಳ 'ಜುಂ' ಎನ್ನುತ್ತಿತ್ತು. ಮೂರು ಕಾಲಿನ ಪ್ಲಗ್ಗನ್ನು ಎರಡು ರಂಧ್ರದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಿದ್ದರ ಫಲ ಅದು. ಚಾರ್ಜರಿನೊಳಗಿನ ಸೋಸುಕದಿಂದ ಸೋರುವ ಅತ್ಯಲ್ಪ ವಿದ್ಯುತ್ತಿಗೆ ಭೂಮಿಯ ದಾರಿ ಇರಲಿಲ್ಲ. ಸರಿಯಾಗಿ ಅರ್ಥಿಂಗ್ ಇದ್ದ ಗೋಡೆಯ ಸಾಕೆಟ್ಟಿಗೆ ಹಾಕಿದ ಕೂಡಲೇ ಜುಮ್ಮೆನ್ನುವುದು ನಿಂತಿತು. ಇನ್ನೊಂದು, ಹಾಸಿಗೆಯ ಮೇಲೆ ಇಟ್ಟುಕೊಳ್ಳುವ ಅಭ್ಯಾಸ. ಇದರ ಗಾಳಿಯ ಬಾಯಿ ಇರುವುದು ಹೊಟ್ಟೆಯ ಕೆಳಗೆ. ಕಂಬಳಿ ಅದನ್ನು ಮುಚ್ಚಿದರೆ ಉಸಿರುಗಟ್ಟುತ್ತದೆ. ಲ್ಯಾಪ್ ಎಂದರೆ ತೊಡೆ ಎಂಬುದೇನೋ ಸರಿ, ಆದರೆ ಬಿಸಿ ಲ್ಯಾಪ್‌ಟಾಪನ್ನು ದಿನಗಟ್ಟಲೆ ತೊಡೆಯ ಮೇಲಿಟ್ಟುಕೊಂಡವರ ಚರ್ಮದಲ್ಲಿ ಬಲೆಯಂಥ ಕಂದು ಗೆರೆಗಳು ಮೂಡಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಒಲೆಯ ಮುಂದೆ ಬಹಳ ಕಾಲ ಕಾಲು ಕಾಯಿಸಿಕೊಳ್ಳುವವರಲ್ಲಿ ಕಾಣುತ್ತಿದ್ದ ಗೆರೆಗಳೇ ಇವು.

ಆರನೆಯ ದಿನ ತಂದೆ ಮತ್ತೆ ಕೇಳಿದರು, "ಏನು ಮಾಡೋಣಮ್ಮ, ವಾಪಸ್ ಕೊಡೋದಾ, ಇಟ್ಕೊಳ್ಳೋದಾ?" ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಟ್ಟಿಲ್ಲ ಅಪ್ಪಾ. ನನಗೆ ಇಷ್ಟು ದೊಡ್ಡದು ಬೇಕಿರಲಿಲ್ಲ ಅಷ್ಟೆ" ಎಂದಳು. ಮಾರಿದವರಿಗೆ ಫೋನ್ ಮಾಡಿದಾಗ, ದೋಷವಿದ್ದರೆ ಮಾತ್ರ ಬದಲಿಸಿಕೊಡುತ್ತೇವೆ, ಹಣ ವಾಪಸ್ ಇಲ್ಲ ಎಂಬ ಉತ್ತರ ಬಂತು. ತಂದೆ ಏನೂ ಅನ್ನದೆ ತೋಟದ ಕಡೆ ಹೋದರು.

ಸೋಮವಾರ ಅವಳು ಮೈಸೂರಿನ ಬಸ್ಸು ಹತ್ತುವಾಗ ಲ್ಯಾಪ್‌ಟಾಪ್ ಬೆನ್ನ ಮೇಲಿತ್ತು, ಚಾರ್ಜರ್ ಬಟ್ಟೆಯ ಚೀಲದಲ್ಲಿ. ಚಾರ್ಜ್ ಶೇಕಡ 80ಕ್ಕೆ ನಿಲ್ಲುವಂತೆ ಹೊಂದಿಸಿಯಾಗಿತ್ತು. ಸದಾ ತುಂಬಿ, ಸದಾ ಬಿಸಿಯಾಗಿರುವ ಲೀಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಮುಂದಿನ ವರ್ಷ ಕಾಲೇಜು ಸೇರಲಿದ್ದ ತಮ್ಮ ಆ ಹೊತ್ತಿಗೆ ಇನ್ನೂ ಚಾವಡಿಯಲ್ಲಿ ಕೂತಿದ್ದ. ನೋಟ್‌ಪುಸ್ತಕದ ಕೊನೆಯ ಹಾಳೆಯಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು, ಒಂದೊಂದು ಲ್ಯಾಪ್‌ಟಾಪಿನ ಹೆಸರಿನ ಮುಂದೆಯೂ ತೂಕ, ವ್ಯಾಟ್, ವ್ಯಾಟ್-ಅವರ್ ಎಂದು ಬರೆದುಕೊಳ್ಳುತ್ತಿದ್ದ.